ರಾತ್ರಿ ವಾಂತಿ ಹತ್ತಿದರೆ ಸ್ಟೀರಾಯ್ಡ್ ಇಂಜೆಕ್ಷನ್ ಯಾರಿಂದ ಹಾಕಿಸುತ್ತೀರಿ? ಅಡಿಸನ್ ಕಾಯಿಲೆಯ ಮನೆಯವರು ಹೇಳಿ

ಮಗ್ಗದ ಮನೆ, ಬನಹಟ್ಟಿ:

ಎಲ್ಲರಿಗೂ ನಮಸ್ಕಾರ. ಅಡ್ರಿನಲ್ ಗ್ರಂಥಿ ಕೈಕೊಟ್ಟವರು, ಅಂಥವರನ್ನು ಮನೆಯಲ್ಲಿ ನೋಡಿಕೊಳ್ಳುವವರು ದಯವಿಟ್ಟು ಪೂರ್ತಿ ಓದಿ. ಆ ಗ್ರಂಥಿಯೇ ಹಾಳಾದರೆ ಅದಕ್ಕೆ ಅಡಿಸನ್ ಕಾಯಿಲೆ ಎನ್ನುತ್ತಾರೆ. ಉದ್ದವಾಯಿತು ಎಂದು ಬೇಸರ ಮಾಡಿಕೊಳ್ಳಬೇಡಿ. ಮಗ್ಗದ ಲೆಕ್ಕ ಬರೆದು ಬರೆದು, ಏನನ್ನೂ ಬಿಡದೆ ಬರೆಯುವ ಚಾಳಿ ನನಗೆ ಅಂಟಿದೆ.

ನಮ್ಮ ಯಜಮಾನರಿಗೆ ಈಗ 41 ವರ್ಷ. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಇವೆ, ಸೀರೆ ನೇಯುತ್ತೇವೆ. ಮದುವೆಗೆ ಮೊದಲು ಅವರಿಗೆ ಶ್ವಾಸಕೋಶದ ಟಿಬಿ ಆಗಿ, ಮಾತ್ರೆ ಪೂರ್ತಿ ನುಂಗಿ ಗುಣವಾಗಿತ್ತು. ಆ ಮಾತು ಮನೆಯಲ್ಲಿ ಎಲ್ಲರಿಗೂ ಮರೆತೇ ಹೋಗಿತ್ತು. ಆಮೇಲೆ ಒಂದು ದೀಪಾವಳಿಯ ಹೊತ್ತಿಗೆ ಅಂಗಿಗಳು ಮೈಮೇಲೆ ಜೋತಾಡತೊಡಗಿದವು. ಮುಖ, ಕೈ ಕಪ್ಪಾಗುತ್ತ ಬಂದವು. ಓಣಿಯವರೆಲ್ಲ ಬಿಸಿಲು ಎಂದರು. ಬೆಳಗಿನಿಂದ ಸಂಜೆಯವರೆಗೆ ಟ್ಯೂಬ್‌ಲೈಟಿನ ಕೆಳಗೆ ನಿಲ್ಲುವವರಿಗೆ ಯಾವ ಬಿಸಿಲು? ಅದೇ ದಿನಗಳಲ್ಲಿ ಲಾಳಿ ಹಾರಿ ಮೊಣಕೈಗೆ ಬಡಿದಿತ್ತು. ಗಾಯ ಮಾಯಿತು, ಕಲೆ ಮಾತ್ರ ಕಡುಕಪ್ಪಾಗಿ ನಿಂತಿತು. ಊಟಕ್ಕೆ ಕುಳಿತರೆ ರೊಟ್ಟಿಗಿಂತ ಮೊದಲು ಉಪ್ಪಿನಕಾಯಿಯ ರಸ ಬೇಕು. ಒಮ್ಮೆ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಗೆ ಕೈ ಹಾಕಿ ಹರಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು. "ಏನ್ರೀ, ಬಯಕೆ ಹತ್ತಿದೆಯೇ?" ಎಂದು ನಾನು ನಕ್ಕೆ, ಅವರೂ ನಕ್ಕರು.

ನಂತರ ಎದ್ದು ನಿಂತರೆ ಕಣ್ಣು ಕತ್ತಲೆ ಬರತೊಡಗಿತು. ಊರಿನಲ್ಲಿ ತೋರಿಸಿದಾಗ ಗ್ಯಾಸ್ ಎಂದರು, ನಿಶ್ಶಕ್ತಿ ಎಂದರು, ಟಾನಿಕ್ ಬರೆದರು. ಒಂದು ಸಲೈನ್ ಹಚ್ಚಿದರೆ ಎರಡು ದಿನ ಚೆನ್ನಾಗಿರುತ್ತಿದ್ದರು, ಮತ್ತೆ ಅದೇ ಕಥೆ. ಆ ಸಲೈನಿನ ಉಪ್ಪೇ ಅವರನ್ನು ಎತ್ತಿ ನಿಲ್ಲಿಸುತ್ತಿತ್ತು ಎಂದು ಆಮೇಲೆ ತಿಳಿಯಿತು. ಕೊನೆಗೆ ಬೆಳಗಾವಿಗೆ ಹೋದೆವು. ಅಲ್ಲಿಯ ಡಾಕ್ಟರು ಮೊದಲು ಅಂಗೈ ಬಿಡಿಸಿ ರೇಖೆ ನೋಡತೊಡಗಿದಾಗ ಇವರು ಡಾಕ್ಟರೋ ಜ್ಯೋತಿಷಿಯೋ ಎಂದು ನನಗೆ ಅನುಮಾನ ಬಂತು. ರೇಖೆಗಳೆಲ್ಲ ಕಪ್ಪು. ತುಟಿ ಮೇಲೆತ್ತಿ ಒಸಡು ನೋಡಿದರು, ಕೆನ್ನೆಯ ಒಳಭಾಗ ನೋಡಿದರು, ಅಲ್ಲೂ ಕಪ್ಪು ತೇಪೆ. "ಹಿಂದೆ ಟಿಬಿ ಆಗಿತ್ತೇ?" ಎಂದು ಕೇಳಿದರು. ರಕ್ತದಲ್ಲಿ ಸೋಡಿಯಂ 118 ಇತ್ತು, 135 ಆದರೂ ಇರಬೇಕಂತೆ. ಪೊಟ್ಯಾಸಿಯಂ ಏರಿತ್ತು. ಬೆಳಿಗ್ಗೆ 8 ಗಂಟೆಗೆ ರಕ್ತ ತೆಗೆದು, ಅಡ್ರಿನಲ್ ಗ್ರಂಥಿ ತಯಾರಿಸುವ ಕಾರ್ಟಿಸೋಲ್ ಎಂಬ ಹಾರ್ಮೋನ್ ನೋಡಿದರೆ ನೆಲ ಹಿಡಿದಿತ್ತು. ಅದನ್ನು ತಯಾರಿಸು ಎಂದು ಮೆದುಳಿನ ಕೆಳಗಿನ ಪಿಟ್ಯುಟರಿ ಕಳಿಸುವ ಎಸಿಟಿಎಚ್ ಮಾತ್ರ ವಿಪರೀತ ಹೆಚ್ಚಾಗಿತ್ತು. ಸ್ಕ್ಯಾನಿನಲ್ಲಿ ಎರಡೂ ಮೂತ್ರಪಿಂಡಗಳ ಮೇಲಿನ ಅಡ್ರಿನಲ್ ಗ್ರಂಥಿಗಳು ಊದಿಕೊಂಡಿದ್ದವು. ಟಿಬಿ ಅಲ್ಲಿ ಹೋಗಿ ಕುಳಿತಿತ್ತು.

ಮತ್ತೆ ಟಿಬಿ ಮಾತ್ರೆ, ಜೊತೆಗೆ ಎರಡು ಸ್ಟೀರಾಯ್ಡ್ ಮಾತ್ರೆ ಶುರುವಾದವು: ಕಾರ್ಟಿಸೋಲಿನ ಬದಲಿಗೆ ಹೈಡ್ರೋಕಾರ್ಟಿಸೋನ್, ದೇಹದಲ್ಲಿ ಉಪ್ಪು ಹಿಡಿದಿಡಲು ಫ್ಲುಡ್ರೋಕಾರ್ಟಿಸೋನ್. ಟಿಬಿಯ ರಿಫಾಂಪಿಸಿನ್ ಹೈಡ್ರೋಕಾರ್ಟಿಸೋನನ್ನು ಬೇಗ ಕರಗಿಸಿ ಮುಗಿಸುತ್ತದೆ ಎಂದು ಡಾಕ್ಟರು ಆಗ ಅಳತೆ ಹೆಚ್ಚಿಸಿದ್ದರು. ಟಿಬಿ ಕೋರ್ಸ್ ಮುಗಿದ ಮೇಲೆ ಇಳಿಸಿದರು. ಈಗ ಎದ್ದ ಕೂಡಲೇ 10 ಮಿಲಿಗ್ರಾಂ, ಮಧ್ಯಾಹ್ನ 5, ಸಂಜೆ 5. ಫ್ಲುಡ್ರೋ ಬೆಳಿಗ್ಗೆ ಒಂದು, 0.1 ಮಿಲಿಗ್ರಾಂ. ನೋಡಿದವರು ಕಾಯಿಲೆಯ ಮನುಷ್ಯ ಎನ್ನುವಂತಿಲ್ಲ. ತೂಕ ಬಂದಿದೆ, ಬಣ್ಣ ತಿಳಿಯಾಗಿದೆ, ಕೂಲಿಯವರ ಮೇಲೆ ಕೂಗಾಡುವಷ್ಟು ಶಕ್ತಿಯೂ ಬಂದಿದೆ.

ತೊಂದರೆ ಬೇರೆ ಕಡೆ ಇದೆ. ಇತ್ತೀಚೆಗೆ ಜಮಖಂಡಿಯಲ್ಲಿ ಒಂದು ಮದುವೆ ಊಟ ಮುಗಿಸಿ ಬಂದ ರಾತ್ರಿ ವಾಂತಿ, ಭೇದಿ ಎರಡೂ ಹತ್ತಿದವು. ಮಾತ್ರೆ ಕೊಟ್ಟರೆ ಮಾತ್ರೆಯೂ ಹೊರಗೆ ಬಂತು. ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಒಯ್ದೆವು. ಡ್ಯೂಟಿಯಲ್ಲಿದ್ದವರು ನಾನು ಚಾಚಿದ ಫೈಲನ್ನು ಬಿಡಿಸಲೂ ಇಲ್ಲ. "ವಾಂತಿಗೆ ಯಾರಾದರೂ ಸ್ಟೀರಾಯ್ಡ್ ಕೊಡುತ್ತಾರೇನಮ್ಮ? ಶುಗರ್ ಬರುತ್ತದೆ, ಮೂಳೆ ಸವೆಯುತ್ತದೆ" ಎಂದು ವಾಂತಿ ನಿಲ್ಲುವ ಇಂಜೆಕ್ಷನ್ ಹಾಕಿ ಸಲೈನ್ ಹಚ್ಚಿದರು. ಬಿಪಿ 70ಕ್ಕೆ ಇಳಿಯಿತು. ಇವರ ಮಾತು ತೊದಲತೊಡಗಿತು, ನನ್ನ ಹೆಸರು ಕರೆಯಲು ಹೋಗಿ ತಂಗಿಯ ಹೆಸರು ಕರೆದರು. ಬೆಳಗಾವಿಯ ಡಾಕ್ಟರಿಗೆ ಆ ಅಪರಾತ್ರಿಯಲ್ಲಿ ಫೋನ್ ಹಚ್ಚಿ ಡ್ಯೂಟಿಯವರ ಕಿವಿಗೆ ಹಿಡಿದೆ. ಅವರು ಏನು ಹೇಳಿದರೋ, ಆಮೇಲೆ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಒಳಗೆ ಹೋಯಿತು. ಬೆಳಕು ಹರಿಯುವುದರೊಳಗೆ ಎದ್ದು ಕುಳಿತು, ನೂಲಿನ ಗಾಡಿ ಬಂತೇ ಎಂದು ಕೇಳಿದರು.

ಪ್ರತಿ ಸಲವೂ ಆ ಫೋನ್ ಹತ್ತುತ್ತದೆ ಎಂದು ಯಾವ ಭರವಸೆ? ನೀವೆಲ್ಲ ಏನು ಮಾಡುತ್ತೀರಿ, ಹೇಳಿ.

ಇನ್ನೆರಡು ಮಾತು. ಟಿಬಿ ಕೋರ್ಸ್ ಮುಗಿದು ಅಳತೆ ಇಳಿಸಿದಾಗಿನಿಂದ ನಮ್ಮ ಅತ್ತೆ "ಇಳಿಯುತ್ತ ಬಂದಿದೆಯಲ್ಲ, ಇನ್ನು ಅಷ್ಟನ್ನೂ ಬಿಡಿಸು" ಎಂದು ಹಟ ಹಿಡಿದಿದ್ದಾರೆ. ಸ್ಟೀರಾಯ್ಡ್ ಎಂಬ ಹೆಸರೇ ಅವರಿಗೆ ವಿಷ. ಮೈದುನನೂ ಮೊಬೈಲಿನಲ್ಲಿ ಏನೇನೋ ವಿಡಿಯೊ ತೋರಿಸಿ ಅವರ ಬೆನ್ನಿಗೆ ನಿಂತಿದ್ದಾನೆ. ಮತ್ತೊಂದು, ತುರ್ತು ಆರ್ಡರ್ ಬಂದರೆ ನಮ್ಮವರು ರಾತ್ರಿ ಪಾಳಿ ನಿಲ್ಲುತ್ತಾರೆ. ಆಗ ಬೆಳಗಿನ ಮಾತ್ರೆ ಯಾವ ಹೊತ್ತಿನದು?


ತಿಕೋಟಾ ತೋಟ, ವಿಜಯಪುರ ಜಿಲ್ಲೆ:

ಅಕ್ಕಾವರೇ, ಇಂಜೆಕ್ಷನ್ ಮನೆಯಲ್ಲೇ ಇಡಿ, ಹಾಕುವುದನ್ನು ನೀವೇ ಕಲಿಯಿರಿ. ಮಿಕ್ಕದ್ದೆಲ್ಲ ಆಮೇಲೆ.

ನನ್ನದು ಪಿಟ್ಯುಟರಿ ಗಡ್ಡೆಯ ಆಪರೇಷನ್ ಆದ ಕೇಸು. ಅಡ್ರಿನಲ್ ಗ್ರಂಥಿಗಳು ಚೆನ್ನಾಗಿವೆ, ಅವುಗಳಿಗೆ ಆಜ್ಞೆ ಕೊಡುವವರು ಇಲ್ಲ. ಉಪ್ಪು ಹಿಡಿಯುವ ಹಾರ್ಮೋನಿಗೆ ಆ ಆಜ್ಞೆಯ ಹಂಗಿಲ್ಲ, ಅದು ನನ್ನ ದೇಹದಲ್ಲಿ ತಯಾರಾಗುತ್ತಲೇ ಇದೆ. ಹಾಗಾಗಿ ಫ್ಲುಡ್ರೋ ಬೇಕಿಲ್ಲ, ಹೈಡ್ರೋಕಾರ್ಟಿಸೋನ್ ಮತ್ತು ಥೈರಾಯ್ಡ್ ಮಾತ್ರೆ ಸಾಕು. ಡಿಸ್ಚಾರ್ಜ್ ದಿನ ವಾರ್ಡಿನ ಸಿಸ್ಟರ್ ನನ್ನ ಹೆಂಡತಿಯನ್ನೂ ಮಗನನ್ನೂ ಕೂರಿಸಿ ಕಲಿಸಿದರು. ಹೆಬ್ಬೆರಳು ಗಾತ್ರದ ಒಂದು ಸೀಸೆಯಲ್ಲಿ ಬಿಳಿ ಪುಡಿ ಇರುತ್ತದೆ, ಜೊತೆಗೆ ನೀರಿನ ಆಂಪ್ಯೂಲ್. ಸೀಸೆಯ ರಬ್ಬರ್ ಮುಚ್ಚಳವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಬೇಕು, ಸಿರಿಂಜಿನಲ್ಲಿ ಆ ನೀರೆಳೆದು ಪುಡಿಗೆ ಬಿಡಬೇಕು, ಪುಡಿ ಪೂರ್ತಿ ಕರಗಿ ತಿಳಿಯಾಗುವವರೆಗೆ ಸೀಸೆಯನ್ನು ಅಂಗೈಗಳ ನಡುವೆ ಹೊರಳಿಸಬೇಕು. ಮತ್ತೆ ಸಿರಿಂಜಿಗೆ ಎಳೆದು, ಗಾಳಿ ತೆಗೆದು, ತೊಡೆಯ ಹೊರಮಗ್ಗುಲಿನ ನಡುಭಾಗಕ್ಕೆ ನೇರ ಚುಚ್ಚುವುದು. ತೀರ ಅವಸರವಾದರೆ ಪ್ಯಾಂಟಿನ ಮೇಲಿಂದಲೇ ಚುಚ್ಚಿದರೂ ನಡೆಯುತ್ತದೆ ಎಂದಿದ್ದರು. ಹೆಂಡತಿ ಸೂಜಿ ನೋಡಿ ಮುಖ ತಿರುಗಿಸಿದಳು, ಮಗ ಕಲಿತ.

ಕಲಿತದ್ದು ಕೆಲಸಕ್ಕೆ ಬಂತು. ಒಂದು ಸಂಜೆ ಮಣೂಕದ ಶೆಡ್ಡಿನಿಂದ ಬರುವಾಗ ಬೈಕು ಜಾರಿ ನನ್ನ ಕಾಲು ಮುರಿಯಿತು. ಹಿಂದೆ ಕುಳಿತಿದ್ದ ಮಗ ಪಿಯುಸಿ ಓದುವ ಹುಡುಗ, ಅವನಿಗೆ ಮೈಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ರಸ್ತೆಯ ಬದಿಯಲ್ಲೇ ಮೊಬೈಲಿನ ಬೆಳಕಿನಲ್ಲಿ ಪುಡಿ ಕರಗಿಸಿ ಚುಚ್ಚಿದ. 108 ಬಂದದ್ದು ಆಮೇಲೆ. ಸುತ್ತ ನೆರೆದವರು "ಹುಡುಗ ಏನು ಚುಚ್ಚುತ್ತಿದ್ದಾನೆ, ಹಿಡಿಯಿರಿ" ಎಂದು ಗದ್ದಲ ಹಾಕಿದ್ದರಂತೆ. ಮೂಳೆ ಮುರಿದಾಗ ಎಲ್ಲರ ದೇಹವೂ ಕಾರ್ಟಿಸೋಲನ್ನು ಧಾರಾಳವಾಗಿ ಸುರಿಸುತ್ತದೆ. ನಮ್ಮಂಥವರ ದೇಹದಲ್ಲಿ ಸುರಿಸಲು ಏನೂ ಇರುವುದಿಲ್ಲ. ವಾಂತಿ ಭೇದಿ ಮಾತ್ರವಲ್ಲ, ದೊಡ್ಡ ಪೆಟ್ಟು ಬಿದ್ದರೂ ಇಂಜೆಕ್ಷನ್ ಬೇಕೇ ಬೇಕು ಎನ್ನುವುದನ್ನು ಮನೆಯವರಿಗೆಲ್ಲ ಹೇಳಿಡಿ.

ಇಂಜೆಕ್ಷನ್ ಸೀಸೆಯನ್ನು ಬೈಕಿನ ಡಿಕ್ಕಿಯಲ್ಲಿ ಮಾತ್ರ ಇಟ್ಟುಬಿಡಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆಯ ಬಿಸಿಲಿಗೆ ಡಿಕ್ಕಿಯೊಳಗೆ ಯಾವ ಔಷಧಿಯೂ ಬಾಳುವುದಿಲ್ಲ. ಎರಡು ಸೆಟ್ ತೆಗೆದುಕೊಳ್ಳಿ, ಒಂದು ಮನೆಯಲ್ಲಿ, ಒಂದು ಕೈಚೀಲದಲ್ಲಿ. ಅವಧಿ ಮುಗಿಯುವ ತಿಂಗಳನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿಡಿ.


ಕೋಟೆಕೆರೆ ಸಿಸ್ಟರ್, ಬೆಳಗಾವಿ:

ತುರ್ತು ಚಿಕಿತ್ಸಾ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ನರ್ಸ್ ನಾನು. ತಿಕೋಟಾದ ಅಣ್ಣ ಹೇಳಿದ್ದು ಸರಿ. ನನಗೆ ಗೊತ್ತಿರುವಷ್ಟು ಸೇರಿಸುತ್ತೇನೆ. ನಿಮ್ಮ ಡಾಕ್ಟರು ಬರೆದುಕೊಟ್ಟ ಅಳತೆ ಬೇರೆ ಇದ್ದರೆ ಅದನ್ನೇ ಪಾಲಿಸಿ.

ಮೊದಲು ಬೆಳಗಾವಿಯ ಡಾಕ್ಟರಿಂದ ಲೆಟರ್‌ಹೆಡ್ ಮೇಲೆ ಒಂದು ಪತ್ರ ಬರೆಸಿಕೊಳ್ಳಿ. ಫೈಲು ಬೇಡ. ರಾತ್ರಿ ಎರಡು ಗಂಟೆಗೆ ಯಾರೂ ದಪ್ಪ ಫೈಲು ಓದುವುದಿಲ್ಲ, ಅರ್ಧ ಪುಟ ಓದುತ್ತಾರೆ. ರೋಗಿಗೆ ಅಡಿಸನ್ ಕಾಯಿಲೆ ಇದೆ, ವಾಂತಿ ಅಥವಾ ಬಿಪಿ ಕುಸಿತ ಇದ್ದರೆ ರಕ್ತಪರೀಕ್ಷೆಯ ವರದಿಗೆ ಕಾಯದೆ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಕೊಡಿ, ಮೊದಲ ಒಂದು ಗಂಟೆಯಲ್ಲಿ ಒಂದು ಲೀಟರ್ ನಾರ್ಮಲ್ ಸಲೈನ್ ಬಿಡಿ, ಸಕ್ಕರೆ ಮಟ್ಟ ನೋಡಿ, ಮುಂದಿನ 24 ಗಂಟೆಯಲ್ಲಿ 200 ಮಿಲಿಗ್ರಾಂ ಡ್ರಿಪ್ಪಿನಲ್ಲಿ ಅಥವಾ ಆರು ಗಂಟೆಗೊಮ್ಮೆ 50ರಂತೆ ಕೊಡಿ ಎಂದು ಅದರಲ್ಲಿ ಇಂಗ್ಲಿಷಿನಲ್ಲೇ ಇರಲಿ, ಕೆಳಗೆ ಸಹಿ, ಮೊಹರು ಇರಲಿ. ಲ್ಯಾಮಿನೇಷನ್ ಮಾಡಿಸಿ. ಒಂದು ಫೋಟೋ ನಿಮ್ಮ ಮೊಬೈಲಿನಲ್ಲಿ, ಒಂದು ಅವರ ಮೊಬೈಲಿನಲ್ಲಿ. ಆಸ್ಪತ್ರೆಯ ಬಾಗಿಲಲ್ಲಿ "ವಾಂತಿ ಆಗುತ್ತಿದೆ" ಎಂದು ಶುರು ಮಾಡಬೇಡಿ. "ಅಡ್ರಿನಲ್ ಕ್ರೈಸಿಸ್", ಅಂದರೆ ಕಾರ್ಟಿಸೋಲ್ ಸಾಲದೆ ಜೀವಕ್ಕೇ ಅಪಾಯ ಬಂದ ಸ್ಥಿತಿ, ಎಂಬ ಮಾತು ಮೊದಲು ಬಾಯಿಂದ ಬರಲಿ, ಆಗ ಕೇಳುವವರ ಕಿವಿ ನೆಟ್ಟಗಾಗುತ್ತದೆ.

ನಿಮಗಾದ ಅನುಭವ ಕೇಳಿ ಸಿಟ್ಟು ಬಂತು. ಕೆಮ್ಮಿಗೆ, ನೆಗಡಿಗೆ, ಮೈಕೈ ನೋವಿಗೆಲ್ಲ ಕೇಳದೆಯೇ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಚುಚ್ಚುವವರು ನಮ್ಮಲ್ಲಿ ಕಡಿಮೆ ಇಲ್ಲ. ನಿಜವಾಗಿ ಬೇಕಾದವನು ಎದುರಿಗೆ ಬಂದರೆ ಸ್ಟೀರಾಯ್ಡಿನ ದುಷ್ಪರಿಣಾಮ ನೆನಪಾಗುತ್ತದೆ. ಹಳ್ಳಿಯ ಕ್ಲಿನಿಕ್ಕಿನಲ್ಲಿ ಹೈಡ್ರೋಕಾರ್ಟಿಸೋನ್ ಇಲ್ಲವೇ ಇಲ್ಲ ಎಂದಾದರೆ ಆ ಡೆಕ್ಸಾಮೆಥಾಸೋನನ್ನಾದರೂ ಹಾಕಿಸಿಕೊಂಡು ದೊಡ್ಡ ಆಸ್ಪತ್ರೆಗೆ ಹೊರಡಿ. ಉಪ್ಪು ಹಿಡಿಯುವ ಗುಣ ಅದಕ್ಕಿಲ್ಲ, ಆದ್ದರಿಂದ ಸಲೈನ್ ಜೊತೆಗೇ ಓಡುತ್ತಿರಬೇಕು. ಒಂದು ಡೋಸ್ ಹೆಚ್ಚಾದರೆ ಏನೂ ಕೆಡುವುದಿಲ್ಲ, ತಡವಾದರೆ ಜೀವ ಹೋಗುತ್ತದೆ.

ಮನೆಯಲ್ಲಿ ಜ್ವರ 38 ಡಿಗ್ರಿ, ಅಂದರೆ ನಮ್ಮ ಹಳೆಯ ಥರ್ಮಾಮೀಟರಿನಲ್ಲಿ 100.4 ದಾಟಿದರೆ ಹೈಡ್ರೋಕಾರ್ಟಿಸೋನ್ ದುಪ್ಪಟ್ಟು, 39 ದಾಟಿದರೆ ಮೂರು ಪಟ್ಟು, ಜ್ವರ ಇಳಿಯುವವರೆಗೆ ಎರಡು ಮೂರು ದಿನ ಹಾಗೇ. ಫ್ಲುಡ್ರೋ ಹೆಚ್ಚಿಸಬೇಕಿಲ್ಲ. ಮಾತ್ರೆ ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೊಮ್ಮೆ ನುಂಗಿಸಿ. ಅದೂ ನಿಲ್ಲದಿದ್ದರೆ ಯೋಚಿಸುತ್ತ ಕೂರಬೇಡಿ, ಚುಚ್ಚಿ, ಆಮೇಲೆ ಆಸ್ಪತ್ರೆಗೆ ಹೊರಡಿ. ಚುಚ್ಚಿದ ಮೇಲೆ ಚೆನ್ನಾಗಿದ್ದಾರಲ್ಲ ಎಂದು ಮನೆಯಲ್ಲೇ ಉಳಿಯುವವರನ್ನು ನೋಡಿದ್ದೇನೆ, ಹಾಗೆ ಮಾಡಬೇಡಿ.

ಎಳನೀರಿನ ವಿಷಯ ಹೇಳಲೇಬೇಕು. ವಾಂತಿ ಎಂದ ಕೂಡಲೇ ನಮ್ಮಲ್ಲಿ ಎಳನೀರು ಕೆತ್ತಿಸಿ ತರುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಅಡಿಸನ್ ಇರುವವರಲ್ಲಿ ಪೊಟ್ಯಾಸಿಯಂ ಮೊದಲೇ ಏರಿರುತ್ತದೆ, ಸೋಡಿಯಂ ಇಳಿದಿರುತ್ತದೆ. ನಿಮ್ಮವರಿಗೆ ಉಪ್ಪು ಹಾಕಿದ ಮಜ್ಜಿಗೆ, ಗಂಜಿ, ಓಆರ್‌ಎಸ್ ಕೊಡಿ. ಬೇಸಿಗೆಯಲ್ಲಿ ಬೆವರು ಹರಿಯುವ ಶೆಡ್ಡಿನಲ್ಲಿ ನಿಲ್ಲುವವರಾದ್ದರಿಂದ ಉಪ್ಪು ಎಷ್ಟು ಹೆಚ್ಚಿಸಬೇಕು, ಫ್ಲುಡ್ರೋ ಬದಲಿಸಬೇಕೇ ಎಂದು ಮಾರ್ಚ್ ಬರುವ ಮೊದಲೇ ಡಾಕ್ಟರನ್ನು ಕೇಳಿ. ಬಿಪಿಯನ್ನು ಮಲಗಿದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ನೋಡಿಸಬೇಕು. ಕುಳ್ಳಿರಿಸಿ ಒಂದೇ ಸಲ ನೋಡಿ ಕಳಿಸಿದರೆ ವ್ಯತ್ಯಾಸ ತಿಳಿಯುವುದಿಲ್ಲ.


ನಿಸರ್ಗಪ್ರಿಯ:

ಇಷ್ಟೆಲ್ಲ ಕೆಮಿಕಲ್ ಯಾಕೆ ತಂಗಿ? ನಮ್ಮ ಕಾಕಾ ಹತ್ತು ವರ್ಷದ ಸ್ಟೀರಾಯ್ಡನ್ನು ಒಂದೇ ಪುಡಿಯಿಂದ ಬಿಟ್ಟರು. ವಾರದ ಸಂತೆಗೆ ಬರುವ ವೈದ್ಯರು, ಮೈಗೆ ಏನೂ ತೊಂದರೆ ಇಲ್ಲ. ಬೇಕಾದರೆ ನಂಬರ್ ಕೊಡುತ್ತೇನೆ.


ಗೋಳಗುಮ್ಮಟ ಓಣಿ, ವಿಜಯಪುರ:

ನಿಸರ್ಗಪ್ರಿಯ ಅವರೇ, ನಂಬರ್ ನಿಮ್ಮಲ್ಲೇ ಇರಲಿ. ಅಂಥದ್ದೇ ಪುಡಿಯ ಕಥೆ ನಮ್ಮ ಮನೆಯದು.

ನನ್ನ ಮನೆಯವಳು ಮಂಡಿ ನೋವಿಗೆ ಒಂದು ಪುಡಿ ತಿನ್ನುತ್ತಿದ್ದಳು. ತಿಂದ ಮರುದಿನವೇ ಮೆಟ್ಟಿಲು ಹತ್ತಿದಳು, ಹಸಿವು ಹೆಚ್ಚಿತು, ಮುಖ ದುಂಡಗಾಯಿತು. ಪುಡಿ ಮೈಗೆ ಹತ್ತಿದೆ ಎಂದು ನೆಂಟರೆಲ್ಲ ಮೆಚ್ಚಿದರು. ವರ್ಷಗಳ ಮೇಲೆ ಆ ವೈದ್ಯ ಬರುವುದನ್ನು ನಿಲ್ಲಿಸಿದ, ಪುಡಿ ತಟ್ಟನೆ ನಿಂತಿತು. ಮುಂದಿನ ವಾರಗಳಲ್ಲಿ ಅವಳು ಹಾಸಿಗೆ ಹಿಡಿದಳು, ವಾಂತಿ, ತಲೆಸುತ್ತು, ಬಿಪಿ ಇಲ್ಲ. ಆಸ್ಪತ್ರೆಯಲ್ಲಿ ಕಾರ್ಟಿಸೋಲ್ ನೋಡಿ, ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿದ್ದಿರಬೇಕು, ಹೊರಗಿನಿಂದ ಬರುತ್ತಿದ್ದುದರಿಂದ ಗ್ರಂಥಿಗಳು ತಮ್ಮ ಕೆಲಸ ನಿಲ್ಲಿಸಿವೆ ಎಂದರು. ಈಗ ಅಳೆದು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟು, ಬಹಳ ನಿಧಾನವಾಗಿ ಇಳಿಸುತ್ತಿದ್ದಾರೆ. ನಿಮ್ಮ ಕಾಕಾ ಬಿಟ್ಟದ್ದು ಮಾತ್ರೆಯನ್ನು ಮಾತ್ರ ಇರಬಹುದು, ಸ್ಟೀರಾಯ್ಡನ್ನು ಬಿಟ್ಟಿದ್ದಾರೆಯೇ ಎಂದು ಒಮ್ಮೆ ಪರೀಕ್ಷೆ ಮಾಡಿಸಿ.

ಮಗ್ಗದ ಮನೆಯ ತಂಗಿ, ನಿಮ್ಮ ಅತ್ತೆಯವರ ಗೊಂದಲ ಇಲ್ಲಿಂದಲೇ ಹುಟ್ಟಿದ್ದು ಎನಿಸುತ್ತದೆ. ನನ್ನ ಮನೆಯವಳ ಗ್ರಂಥಿಗಳು ಸುಮ್ಮನಾಗಿವೆ, ತಿಂಗಳುಗಳು ಹಿಡಿದರೂ ಮತ್ತೆ ಕೆಲಸ ಹಿಡಿಯಬಹುದು, ಆದ್ದರಿಂದ ಇಳಿಸುವುದಕ್ಕೆ ಅರ್ಥವಿದೆ. ನಿಮ್ಮ ಯಜಮಾನರ ಗ್ರಂಥಿಗಳನ್ನು ಟಿಬಿ ತಿಂದುಹಾಕಿದೆ. ಟಿಬಿ ವಾಸಿಯಾದರೂ ಹೀಗೆ ಹಾಳಾದ ಗ್ರಂಥಿ ಮರಳಿ ಕೆಲಸಕ್ಕೆ ಬರುವುದು ಬಹಳ ಅಪರೂಪ. ಅಲ್ಲಿ ಇಳಿಸಿದ್ದು ರಿಫಾಂಪಿಸಿನ್ ನಿಂತಿತು ಎಂಬ ಕಾರಣಕ್ಕೆ. ಈ ಎರಡು ಇಳಿಕೆಗಳನ್ನು ಒಂದೇ ಎಂದು ತಿಳಿದರೆ ಅನಾಹುತ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು, ಸ್ವಲ್ಪ ಇತಿಹಾಸ ಹೇಳದಿದ್ದರೆ ಊಟ ಸೇರುವುದಿಲ್ಲ. ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ ಈ ಕಾಯಿಲೆಯನ್ನು ವಿವರಿಸಿದ್ದು 1855ರಲ್ಲಿ. ಅಂದು ಇದಕ್ಕೆ ಮುಖ್ಯ ಕಾರಣ ಟಿಬಿಯೇ. ಕಾಯಿಲೆಗೆ ಹೆಸರು ಸಿಕ್ಕಿತು, ಔಷಧಿ ಇರಲಿಲ್ಲ. ಅಡ್ರಿನಲ್ ಹಾರ್ಮೋನುಗಳ ಕೆಲಸಕ್ಕಾಗಿ ಕೆಂಡಲ್, ರೈಖ್‌ಸ್ಟೈನ್ ಮತ್ತು ಹೆಂಚ್ ಅವರಿಗೆ ನೊಬೆಲ್ ಬಂದದ್ದು 1950ರಲ್ಲಿ. ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿಗೂ ಇದೇ ಅಡಿಸನ್ ಇತ್ತು, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಲೇ ದೇಶ ಆಳಿದರು. ನಿಮ್ಮ ಮೈದುನನಿಗೆ ತೋರಿಸಲು ಇದರದ್ದೂ ವಿಡಿಯೊ ಸಿಗುತ್ತದೆ.

ರಾತ್ರಿ ಪಾಳಿಗೆ ಬಂದರೆ, ಮಾತ್ರೆಯ ಹೊತ್ತು ನಿದ್ದೆಯನ್ನು ನೋಡಿಕೊಂಡು ಹೋಗುತ್ತದೆ. ಮಧ್ಯಾಹ್ನ ಮಲಗಿ ಸಂಜೆ ಎದ್ದು ಮಗ್ಗಕ್ಕೆ ನಿಲ್ಲುವುದಾದರೆ, ಎದ್ದಾಗ ದೊಡ್ಡ ಡೋಸ್, ಪಾಳಿಯ ನಡುವೆ ಉಳಿದದ್ದು. ಮಲಗುವ ಹೊತ್ತಿಗೆ ಹತ್ತಿರ ಕೊಟ್ಟರೆ ನಿದ್ದೆ ಬರುವುದಿಲ್ಲ. ನಮ್ಮ ಡಾಕ್ಟರು ರಂಜಾನ್ ವಿಚಾರದಲ್ಲಿ ಇದನ್ನು ವಿವರಿಸಿದ್ದರು. ಮನೆಯವಳು ರೋಜಾ ಹಿಡಿಯಬೇಕೆಂದಿದ್ದಳು. ಡಾಕ್ಟರು ಈ ವರ್ಷ ಬೇಡವೇ ಬೇಡ ಎಂದರು. ಕಾಯಿಲೆಯವರಿಗೆ ರೋಜಾದಿಂದ ವಿನಾಯಿತಿ ಇದೆ ಎಂದು ನಮ್ಮ ಮೌಲಾನಾ ಸಾಹೇಬರೂ ಹೇಳಿದರು. ಬದಲಿಗೆ ಬಡವರಿಗೆ ಊಟ ಹಾಕಿಸಿದೆವು. ನಿಮ್ಮ ಮನೆಯಲ್ಲಿ ಶ್ರಾವಣ ಸೋಮವಾರದ ಉಪವಾಸ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿಬಿಡಿ.


ಬೀಳಗಿ ಸೊಸೆ:

ಅಕ್ಕ, ಅತ್ತೆಯರ ವಿಷಯದಲ್ಲಿ ನನಗೂ ಸ್ವಲ್ಪ ಅನುಭವ ಇದೆ.

ಮೂರನೆಯ ಹೆರಿಗೆಯಲ್ಲಿ ನನಗೆ ವಿಪರೀತ ರಕ್ತ ಹೋಯಿತು. ಮಗು ಉಳಿಯಿತು, ನಾನೂ ಉಳಿದೆ, ಎದೆಹಾಲು ಮಾತ್ರ ಒಂದು ಹನಿಯೂ ಬರಲಿಲ್ಲ. ಮುಟ್ಟು ನಿಂತದ್ದು ಮತ್ತೆ ಬರಲಿಲ್ಲ. ನೀವು ಕಪ್ಪಾದರು ಎಂದು ಬರೆದಿದ್ದೀರಿ, ನಾನು ಬಿಳಿಚಿಕೊಂಡೆ. ಬೀಳಗಿಯ ಮೇ ತಿಂಗಳಲ್ಲಿ ಕೌದಿ ಹೊದ್ದು ಮಲಗುತ್ತಿದ್ದೆ. ಸೋಮಾರಿ ಎಂದು ನೆಗೆಣ್ಣಿ ಆಡಿಕೊಂಡಳು. ಯಾರೋ ಥೈರಾಯ್ಡ್ ಪರೀಕ್ಷೆ ಮಾಡಿಸಿ ಅದೊಂದಕ್ಕೇ ಮಾತ್ರೆ ಶುರು ಮಾಡಿದರು. ಕೆಲವೇ ದಿನಗಳಲ್ಲಿ ಸೊಂಟ ಎತ್ತಲಾಗದಷ್ಟು ಕುಸಿದೆ. ಕಾರ್ಟಿಸೋಲ್ ಇಲ್ಲದ ದೇಹಕ್ಕೆ ಥೈರಾಯ್ಡ್ ಮಾತ್ರೆಯನ್ನು ಮೊದಲು ಕೊಟ್ಟರೆ ಹೀಗಾಗುತ್ತದೆ, ಸ್ಟೀರಾಯ್ಡ್ ಮೊದಲು ಕೊಡಬೇಕು ಎಂದು ಬಾಗಲಕೋಟೆಯಲ್ಲಿ ತಿಳಿಯಿತು. ರಕ್ತಸ್ರಾವದಿಂದ ಪಿಟ್ಯುಟರಿ ಸತ್ತಿತ್ತು, ಶೀಹಾನ್ ಸಿಂಡ್ರೋಮ್ ಎಂದರು. ಈಗ ಬೆಳಿಗ್ಗೆ ಪ್ರೆಡ್ನಿಸೊಲೋನ್ ಒಂದೇ ಮಾತ್ರೆ, ಜೊತೆಗೆ ಥೈರಾಯ್ಡಿನದು. ಹೈಡ್ರೋಕಾರ್ಟಿಸೋನ್ ಮಾತ್ರೆ ನಮ್ಮ ಊರಿನ ಅಂಗಡಿಯಲ್ಲಿ ಸಿಗುವುದಿಲ್ಲ. ಪ್ರೆಡ್ನಿಸೊಲೋನ್ 5 ಮಿಲಿಗ್ರಾಂ ಎಂದರೆ ಅದರ 20ಕ್ಕೆ ಸಮ ಎಂದು ಡಾಕ್ಟರು ಲೆಕ್ಕ ಹೇಳಿದ್ದಾರೆ.

ನಮ್ಮ ಅತ್ತೆಯೂ ಬಿಡು ಬಿಡು ಎನ್ನುತ್ತಿದ್ದರು. ನಾನು ವಾದ ಮಾಡಲು ಹೋಗಲಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಅವರನ್ನೇ ಜೊತೆಗೆ ಕರೆದೊಯ್ದು ಡಾಕ್ಟರ ಎದುರಿನ ಕುರ್ಚಿಯಲ್ಲಿ ಕೂರಿಸಿದೆ. ನಮ್ಮ ಮಾವನವರು ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. "ನಿಮ್ಮ ಯಜಮಾನರ ಇನ್ಸುಲಿನ್ ನಿಲ್ಲಿಸುತ್ತೀರಾ ಅವ್ವಾ?" ಎಂದು ಡಾಕ್ಟರು ಕೇಳಿದರು. ಅತ್ತೆ ಉತ್ತರ ಕೊಡಲಿಲ್ಲ. ಬಸ್ಸಿನಲ್ಲಿ ಬರುವಾಗ ಮಾತ್ರೆ ಡಬ್ಬಿ ಯಾರ ಚೀಲದಲ್ಲಿದೆ ಎಂದು ವಿಚಾರಿಸಿದರು. ಈಗ ನಾನು ಏಳುವುದು ತಡವಾದರೆ ನೀರಿನ ಲೋಟ ಹಿಡಿದು ಬಂದು ನಿಲ್ಲುತ್ತಾರೆ. ಅದೂ ಒಂದು ಕಾಟವೇ, ಇರಲಿ.


ಕೋಟೆಕೆರೆ ಸಿಸ್ಟರ್, ಬೆಳಗಾವಿ:

ಕಷಾಯದ ಬಗ್ಗೆ ಬರೆಯುವುದು ಉಳಿದಿತ್ತು. ಜೇಷ್ಠಮಧು ಹಾಕಿದ ಕಷಾಯ, ಗಂಟಲಿನ ಗುಳಿಗೆಗಳನ್ನು ಈ ಮಾತ್ರೆಗಳ ಜೊತೆ ದಿನಾ ಬಳಸಬೇಡಿ. ಅದು ದೇಹದಲ್ಲಿ ಕಾರ್ಟಿಸೋಲ್ ಕರಗುವುದನ್ನು ತಡೆಯುತ್ತದೆ, ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಆಗ ಡಾಕ್ಟರು ಮಾತ್ರೆಯ ಅಳತೆ ತಪ್ಪಾಯಿತೇ ಎಂದು ತಲೆ ಕೆರೆದುಕೊಳ್ಳುತ್ತಾರೆ.


ಮಗ್ಗದ ಮನೆ, ಬನಹಟ್ಟಿ:

ಎಲ್ಲರಿಗೂ ಕೈಮುಗಿದೆ. ಪತ್ರ ಬರೆಸಿಕೊಂಡು ಬಂದೆವು. ಸಿಸ್ಟರ್ ಹೇಳಿದಂತೆ ಅರ್ಧ ಪುಟ, ಮೊಹರು ಸಮೇತ, ಲ್ಯಾಮಿನೇಷನ್ ಆಗಿದೆ. ಇಂಜೆಕ್ಷನ್ ಎರಡು ಸೆಟ್ ಬಂದಿವೆ, ಒಂದು ಮನೆಯಲ್ಲಿ, ಒಂದು ಅವರ ಚೀಲದಲ್ಲಿ. ಹಾಕುವುದನ್ನು ಆಸ್ಪತ್ರೆಯಲ್ಲೇ ನಾನೂ ಮೈದುನನೂ ಕಲಿತೆವು. ವಿಡಿಯೊ ತೋರಿಸುತ್ತಿದ್ದವನ ಕೈಗೇ ಸಿರಿಂಜ್ ಕೊಟ್ಟಿದ್ದು ನನಗೆ ಸಮಾಧಾನ ತಂದಿತು, ಸುಳ್ಳು ಹೇಳುವುದಿಲ್ಲ. ಅವನ ಕೈ ನನಗಿಂತ ಸ್ಥಿರ, ದಿನವಿಡೀ ಕಡಿದ ಎಳೆ ಗಂಟು ಹಾಕುವ ಕೈ.

ಅತ್ತೆಯವರನ್ನೂ ಕರೆದೊಯ್ದಿದ್ದೆ. ಡಾಕ್ಟರ ಮಾತಿಗೆ ತಲೆಯಾಡಿಸಿದರು, ಮನೆಗೆ ಬಂದು ಮತ್ತೆ ಒಂದು ಮಾತ್ರೆಯನ್ನಾದರೂ ಕಡಿಮೆ ಮಾಡು ಎಂದರು. ಗೋಳಗುಮ್ಮಟದ ಅಣ್ಣ ಬರೆದ ಎರಡು ಇಳಿಕೆಗಳ ವಿಷಯವನ್ನು ಓದಿ ಹೇಳಿದೆ. ಸದ್ಯಕ್ಕೆ ಸುಮ್ಮನಿದ್ದಾರೆ.

ಈಗ ಹೊಸದೊಂದು ಬಂದಿದೆ. ಯಜಮಾನರ ದವಡೆ ಹಲ್ಲು ಹುಳುಕಾಗಿ ಕೀಳಿಸಬೇಕಂತೆ, ಬರುವ ಗುರುವಾರ. ಹಲ್ಲಿನ ಡಾಕ್ಟರಿಗೆ ಅಡಿಸನ್ ಗೊತ್ತಿಲ್ಲ, ಏನು ಮಾಡಬೇಕು ಎಂದು ನನ್ನನ್ನೇ ಕೇಳುತ್ತಿದ್ದಾರೆ!


ಕೋಟೆಕೆರೆ ಸಿಸ್ಟರ್, ಬೆಳಗಾವಿ:

ಕೇಳಿದರಲ್ಲ, ಒಳ್ಳೆಯ ಡಾಕ್ಟರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕೀಳುವುದಾದರೆ ಸಾಮಾನ್ಯವಾಗಿ ಒಂದು ಗಂಟೆ ಮೊದಲು ದುಪ್ಪಟ್ಟು ಡೋಸ್, ಆಮೇಲೆ 24 ಗಂಟೆ ದುಪ್ಪಟ್ಟು. ಬೆಳಗಾವಿಗೆ ಫೋನ್ ಮಾಡಿ ಅಳತೆ ಖಚಿತ ಮಾಡಿಕೊಳ್ಳಿ. ಬೆಳಗಿನ ಮೊದಲ ಸರದಿ ಕೇಳಿ ತೆಗೆದುಕೊಳ್ಳಿ, ಕಾಯುತ್ತ ಕುಳಿತು ಮಧ್ಯಾಹ್ನದ ಊಟ, ಮಾತ್ರೆ ತಪ್ಪುವುದು ಬೇಡ. ಇಂಜೆಕ್ಷನ್ ಸೆಟ್ ಚೀಲದಲ್ಲಿರಲಿ. ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುವ ಆಪರೇಷನ್ ಎಂದರೆ ಮಾತ್ರ ಅಲ್ಲಿ ಬೇಡ, ಹೈಡ್ರೋಕಾರ್ಟಿಸೋನ್ ಡ್ರಿಪ್ ಹಾಕಿ ನೋಡಿಕೊಳ್ಳುವ ಆಸ್ಪತ್ರೆಯಲ್ಲೇ ಮಾಡಿಸಬೇಕು.


ತಿಕೋಟಾ ತೋಟ, ವಿಜಯಪುರ ಜಿಲ್ಲೆ:

ಗುರುವಾರ ಸಂಜೆ ಹೇಗಿದ್ದಾರೆ ಎಂದು ಇಲ್ಲಿ ಬರೆಯಿರಿ ಅಕ್ಕಾವರೇ. ನನಗೂ ಒಂದು ಹಲ್ಲು ಕೀಳಿಸುವುದಿದೆ, ನಿಮ್ಮವರದು ಮುಗಿಯಲಿ ಎಂದು ಕಾಯುತ್ತಿದ್ದೇನೆ.